ಪಾರಿವಾಳದ ಗೋಡೆ

ಹಲ್ಲು ತಿಕ್ಕುವ ಮೊದಲೇ ಧರಣೇಂದ್ರ ಅರ್ಧ ಓಣಿಯನ್ನು ಕ್ಷಮಿಸಿಬಿಟ್ಟಿದ್ದ.

ಬಾಗಿಲು ತೆಗೆದರೆ ಸಾಕು, ಕೈಮುಗಿದು ನಿಂತವರು. ‘ಉತ್ತಮ ಕ್ಷಮಾ.’ ಇವನೂ ಕೈಮುಗಿಯುತ್ತಿದ್ದ. ‘ಉತ್ತಮ ಕ್ಷಮಾ.’ ದಶಲಕ್ಷಣ ಪರ್ವ ಮುಗಿದಮೇಲೆ ಬನಹಟ್ಟಿಯ ಜೈನರ ಓಣಿಯಲ್ಲಿ ವರ್ಷವೂ ನಡೆಯುವುದು ಇದೇ. ಗೊತ್ತಿದ್ದೋ ಗೊತ್ತಿಲ್ಲದೆಯೋ ಮಾಡಿದ ತಪ್ಪಿಗೆ ಒಬ್ಬರನ್ನೊಬ್ಬರು ಕ್ಷಮೆ ಕೇಳುವುದು, ಕೊಡುವುದು. ಇವನ ಹೊಲದ ಬದು ಒತ್ತಿದವನೂ ಬಂದು ಕೇಳಿದ, ಇವನೂ ಕೊಟ್ಟ. ಬದು ಮಾತ್ರ ಒತ್ತಿದಲ್ಲೇ ಇತ್ತು.

ಒಳಗೆ ಕಮಲಾಬಾಯಿ ಅರಿವೆ ಕಟ್ಟಿ ನೀರು ಸೋಸುತ್ತಿದ್ದಳು. ಊರಿನವರಿಗೆಲ್ಲ ಕೈಮುಗಿದು ಹೆಂಡತಿಯೊಬ್ಬಳನ್ನು ಬಿಟ್ಟರೆ ಚೆನ್ನಾಗಿರುವುದಿಲ್ಲವೆಂದು ಆಕೆಯ ಮುಂದೆಯೂ ನಿಂತ.

‘ಯಾವುದಕ್ಕರಿ?’ ಎಂದಳು, ನೀರಿನಿಂದ ಕಣ್ಣೆತ್ತದೆ.

ಧರಣೇಂದ್ರ ಯೋಚಿಸಿದ. ಒಂದು ತಪ್ಪೂ ನೆನಪಾಗಲಿಲ್ಲ. ತಪ್ಪು ಮಾಡುವಷ್ಟು ಹತ್ತಿರ ತಾವಿಬ್ಬರೂ ಎಂದೂ ಬಂದಿರಲಿಲ್ಲವೇನೋ ಅನ್ನಿಸಿ ಗಂಟಲು ಒಣಗಿತು.

‘ಎಲ್ಲಾದಕ್ಕೂ.’

‘ಹಂಗಾದ್ರ ಆತು ಬಿಡ್ರಿ.’

ಇಷ್ಟರಲ್ಲಿ ಬಾಳವ್ವ ಬಂದಳು. ಕೈಮುಗಿಯಲಿಲ್ಲ. ಸೆರಗು ತಲೆಯ ಮೇಲೆಳೆದುಕೊಂಡು ಕಂಬದ ಮಗ್ಗುಲಿಗೆ ಕುಳಿತಳು. ಗಂಡ ಪದ್ಮರಾಜ ಶ್ರಾವಣದಲ್ಲಿ ಸತ್ತಿದ್ದ. ಅಂದಿನಿಂದ ಆಕೆಯೂ ಅತ್ತೆಯೂ ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟು ಹೊಟ್ಟೆ ಹೊರೆಯುತ್ತಿದ್ದರು.

‘ವಕೀಲಣ್ಣಾ, ಇವತ್ತ ಜಿನ್ನಪ್ಪಕಾಕಾ ನಮ್ಮನಿಗೆ ಬರ್ತಾರಂತ. ಕ್ಷಮಾ ಕೇಳ್ತಾರಂತ. ನಾ ಏನನ್ಲಿ?’

‘ಏನೂ ಅನ್ನಬ್ಯಾಡ.’

‘ಇಂಥಾ ದಿನ ಬಾಗಲಕ ಬಂದವ್ರ ಮುಂದ ಬಾಯಿ ಮುಚ್ಚಿಕೊಂಡು ನಿಂದ್ರಲೇನು?’

‘ನಿಂದ್ರು.’

ಜಿನ್ನಪ್ಪ ನೂಲಿನ ವ್ಯಾಪಾರಿ. ಅವನ ವಖಾರಿಯಲ್ಲಿ ನೂಲು ತೂಗುವ ಕೆಲಸ ಪದ್ಮರಾಜನದು. ವಖಾರಿಯ ಪಡುವಣ ಗೋಡೆ ಬೇಸಿಗೆಯಲ್ಲೇ ಬಿರುಕು ಬಿಟ್ಟಿತ್ತು. ಕೆಡವಿಸಬೇಕೆಂದು ಜಿನ್ನಪ್ಪ ಆಳುಗಳಿಗೆ ಹೇಳಿಯೂ ಇದ್ದ. ಅಷ್ಟರಲ್ಲಿ ಬಿರುಕಿನಲ್ಲಿ ಪಾರಿವಾಳ ಗೂಡು ಕಟ್ಟಿತು, ಮೊಟ್ಟೆ ಇಟ್ಟಿತು. ಅದರ ಮೇಲೆ ಚಾತುರ್ಮಾಸ ಬಂತು. ಮಳೆಗಾಲದಲ್ಲಿ ಮಣ್ಣು ಅಗೆದರೆ ಎಷ್ಟು ಜೀವ ಹೋದಾವು! ‘ಮರಿ ಹಾರಲಿ, ಆಮ್ಯಾಗ ನೋಡೋಣು’ ಎಂದ. ಬಸದಿಯಲ್ಲಿ ಎಲ್ಲರೂ ತಲೆದೂಗಿದರು. ಧರಣೇಂದ್ರನೂ ತೂಗಿದ್ದ. ಒಂದು ಜಿಟಿಜಿಟಿ ಮಳೆಯ ಮುಂಜಾನೆ ಗೋಡೆ ತಾನಾಗಿಯೇ ಕುಸಿಯಿತು. ಕೆಳಗೆ ಪದ್ಮರಾಜ ಇದ್ದ.

‘ಮತ್ತೊಮ್ಮೆ ಹೇಳ್ರಿ ಅಣ್ಣಾ. ನನ್ನ ಕೈಯಾಗ ಏನೇನೈತಿ?’

ಧರಣೇಂದ್ರನಿಗೆ ಇದು ಇಷ್ಟದ ಭಾಗ. ಪುಣೆಯಲ್ಲಿ ಓದಿದ ಕಾಯ್ದೆಯೆಲ್ಲ ಇಲ್ಲಿ ಬದು, ಬಾವಿ, ಬಾಡಿಗೆ ತಂಟೆಯಲ್ಲೇ ಸವೆದುಹೋಗಿತ್ತು.

‘ಫೌಜದಾರಿ ಮಾಡಬಹುದು. ಸಾವಕಾರಗ ದಂಡ ಬೀಳ್ತದ, ಇಲ್ಲಾ ಒಳಗ ಹೋಗ್ತಾನ. ನಿನಗೇನೂ ಹತ್ತೂದಿಲ್ಲ. ಜಮಖಂಡಿಗೆ ಹೋಗಿ ರಾಜರ ಹುಜೂರಿಗೆ ಅರ್ಜಿ ಕೊಡಬಹುದು. ಅದು ಎಲ್ಲೋ ಒಂದ ಕಪಾಟಿನಾಗ ಕುಂತಿರತೈತಿ.’

‘ಪಂಚರು ರಾಜಿ ಮಾಡಸ್ತೀವಿ ಅಂತಾರ.’

‘ಅವ್ರು ಕೊಟ್ಟಷ್ಟು ತಗೊಂಡು ತೆಪ್ಪಗಿರಬೇಕು. ದಿವಾಣಿ ದಾವಾನ ಛಲೋ. ದುಡಿದು ಹಾಕಾವ ಸತ್ತರ ಹೆಂಡ್ತಿ, ಮಕ್ಕಳು, ತಾಯಿ-ತಂದಿ ನುಕಸಾನಿ ಪರಿಹಾರ ಕೇಳಬಹುದು. ವರ್ಷ ತುಂಬೂದ್ರಾಗ ಹಾಕಬೇಕು, ಇಲ್ಲಂದ್ರ ಹಕ್ಕ ಹೋತು. ನಿಷ್ಕಾಳಜಿ ಅಂತ ತೋರಸಬೇಕು. ಅಂದ್ರ, ಅವಗ ಗೊತ್ತಿತ್ತು. ತಡೀಬಹುದಿತ್ತು. ತಡೀಲಿಲ್ಲ.’

‘ಪಕ್ಷಿಗೋಸ್ಕರ ತಡದ್ರಲ್ಲ.’

‘ಕಾಯ್ದೇದಾಗ ಪಕ್ಷಿ ಬರೂದಿಲ್ಲ.’

ಧರಣೇಂದ್ರ ಹಿಂದೆಯೂ ಕೇಳಿದ್ದ ಪ್ರಶ್ನೆಗೇ ಮತ್ತೆ ಬಂದ. ದಾವೆಯ ಕೀಲು ಅಲ್ಲಿತ್ತು.

‘ಗ್ವಾಡಿ ಕೆಳಗ ಪದ್ಮರಾಜ ಯಾಕ ಹೋದ?’

‘ಗೂಡು ಖಾಲಿ ಆಗೇತೇನ ನೋಡಾಕ. ಹಿಂದಿನ ದಿನಾನ ಮರಿ ಹಾರಿದ್ದು ಕಂಡಿದ್ರು. ನಾಳಿ ಕಾಕಾಗ ಹೇಳ್ತೇನಿ ಅಂದಿದ್ರು.’

‘ಅಂವಾ ತಾನs ಹೋದ್ನೋ, ಸಾವಕಾರ ಕಳಿಸಿದ್ನೋ?’

‘ನನಗೆಂಗ ಗೊತ್ತಾಗಬೇಕ್ರಿ? ನಾ ಮನ್ಯಾಗಿದ್ದೆ.’

ತಾನಾಗಿ ಹೋಗಿದ್ದರೆ ಸತ್ತವನದೇ ತಪ್ಪೆಂದು ಎದುರಿನ ವಕೀಲ ಹೇಳುತ್ತಾನೆ. ಕಳಿಸಿದ್ದರೆ ದಾವೆ ಗೆದ್ದಂತೆಯೇ. ಆದರೆ ನೋಡಿದವರಿಲ್ಲ, ಕೇಳಿದವರಿಲ್ಲ.

‘ಕ್ಷಮಾ ಅಂದ್ರ ದಾವಾ ಬೀಳ್ತದೇನ್ರಿ?’

ಬೀಳುವುದಿಲ್ಲ. ಯಾವ ಕಾಯ್ದೆಯ ಪುಸ್ತಕದಲ್ಲೂ ಹಾಗಿಲ್ಲ ಎಂಬುದು ಧರಣೇಂದ್ರನಿಗೆ ಗೊತ್ತಿತ್ತು. ಆದರೆ ಬಾಳವ್ವ ಕ್ಷಮಿಸಿದ್ದನ್ನು ಕಿವಿಯಾರೆ ಕೇಳಿದ ಮೇಲೆ ಓಣಿಯವನೊಬ್ಬನಾದರೂ ಬಿರುಕಿನ ಮಾತು ಹೇಳಲು ಜಿನ್ನಪ್ಪನ ವಿರುದ್ಧ ಕಟಕಟೆ ಹತ್ತಿಯಾನೇ?

‘ಬೀಳ್ತದ’ ಎಂದ. ‘ಕಾಯ್ದೇನ ಹಂಗೈತಿ.’

ಆಕೆ ನಂಬಿದಳು. ಪಾಪ, ನಂಬದೆ ಏನು ಮಾಡುತ್ತಾಳೆ! ಸುಳ್ಳು ಹೇಳಿದ್ದಕ್ಕೆ ತನಗೆ ಕಸಿವಿಸಿಯಾಗಬೇಕಿತ್ತೆಂದು ಧರಣೇಂದ್ರ ಕಾದು ನೋಡಿದ. ಏನೂ ಆಗಲಿಲ್ಲ. ಬರುವ ವರ್ಷ ಇದೇ ದಿನ ಕೇಳಿಕೊಂಡರಾಯಿತು ಅಂದುಕೊಂಡ.

ಮಧ್ಯಾಹ್ನವೆಲ್ಲ ದಾವೆಯ ಮಸೂದೆ ಬರೆಯುತ್ತ ಕುಳಿತ. ಜಮಖಂಡಿ ಸಂಸ್ಥಾನದಲ್ಲಿ ಇಂಥದನ್ನು ಯಾರೂ ಗೆದ್ದಿರಲಿಲ್ಲ. ಬೆಳಗಾವಿಯ ವಕೀಲರು ತನ್ನ ಹೆಸರೆತ್ತಿ ಮಾತಾಡುವುದು ಕಿವಿಗೆ ಕೇಳಿಸುತ್ತಿತ್ತು. ವಿಧವೆಗೆ ನ್ಯಾಯ ಸಿಗಲಿ ಎಂಬ ಆಸೆಯೂ ಖರೆಯೇ. ಎರಡರಲ್ಲಿ ತನ್ನ ಲೆಕ್ಕಣಿಕೆಯನ್ನು ಓಡಿಸುತ್ತಿದ್ದುದು ಯಾವುದೆಂದು ಮಾತ್ರ ಅವನಿಗೆ ಹೇಳಲಾಗುತ್ತಿರಲಿಲ್ಲ. ಓಣಿಯಾಚೆ ಮಗ್ಗಗಳು ಬಡಿಯುತ್ತಲೇ ಇದ್ದವು.

ಕಮಲಾಬಾಯಿ ಬಂದು ಬಾಗಿಲಲ್ಲಿ ನಿಂತಳು.

‘ಜಿನ್ನಪ್ಪಕಾಕಾ ಬಾಳವ್ವನ ಕಟ್ಟಿ ಮ್ಯಾಲ ಕುಂತಾರಂತ. ಆಕಿ ಕ್ಷಮಾ ಅಂದ್ರನ ನೀರು ಅಂತಾರಂತ.’

‘ಹಟ.’

‘ಹಟ ಅಲ್ರೀ, ಮುದುಕ ಜೀವ. ಹತ್ತು ದಿನದ ಉಪಾಸ. ಹೊತ್ತು ಮುಣಗಿದ ಮ್ಯಾಲ ಅವ್ರು ನೀರೂ ಮುಟ್ಟೂದಿಲ್ಲ, ಮತ್ತ ನಾಳಿ ಮುಂಜಾನಿತನಕ.’ ಆಕೆ ತಡೆದು ಹೇಳಿದಳು: ‘ನೀವs ಬ್ಯಾಡಂದೀರಂತಲ್ಲ?’

‘ದಾವಾದ ಮಾತು ಅದು.’

‘ಹೋಗಿ ಬರ್ರಿ.’

ದಾರಿಯಲ್ಲಿ ವಖಾರಿ ಸಿಕ್ಕಿತು. ಬಿದ್ದ ಗೋಡೆಯ ಮಣ್ಣು ಬಿದ್ದಲ್ಲೇ ಇತ್ತು. ಅದನ್ನು ಎತ್ತಿಸಲು ಚಾತುರ್ಮಾಸ ಮುಗಿಯಬೇಕು. ಮಣ್ಣಿನ ಮೇಲೆ ಆಗಲೇ ಹುಲ್ಲು ಹುಟ್ಟಿತ್ತು.

ಬಾಳವ್ವನ ಮನೆಯ ಮುಂದೆ ಜನ ಸೇರಿದ್ದರು. ಪಂಚರು ಬೇವಿನ ಗಿಡದ ಕೆಳಗೆ ನಿಂತಿದ್ದರು. ಕಟ್ಟೆಯ ಮೇಲೆ ಜಿನ್ನಪ್ಪ. ಬಿಳಿ ಧೋತರದಲ್ಲಿ ಒಣಗಿದ ಮನುಷ್ಯ, ತುಟಿ ಒಡೆದು ಬಿಳುಚಿತ್ತು. ಮುಗಿದ ಕೈ ತೊಡೆಯ ಮೇಲೆ ಹಾಗೆಯೇ ಇತ್ತು. ಹೊಸ್ತಿಲೊಳಗೆ ಬಾಳವ್ವ. ನಡುವೆ ಹೊಸ್ತಿಲ ಮೇಲೆ ಒಂದು ತಂಬಿಗೆ ನೀರು.

‘ಕುಡೀರಿ ಕಾಕಾ’ ಎನ್ನುತ್ತಿದ್ದಳು ಬಾಳವ್ವ. ‘ನಿಮ್ಮ ಕಾಲಿಗೆ ಬೀಳ್ತೇನಿ. ಆ ಮಾತ ಅನ್ನಾಕ ಕಾಯ್ದೇದಾಗ ಇಲ್ಲಂತ.’

ಜಿನ್ನಪ್ಪ ನಿಧಾನವಾಗಿ ಧರಣೇಂದ್ರನ ಕಡೆ ತಿರುಗಿದ.

‘ಖರೇ ಏನೋ ತಮ್ಮಾ? ಕ್ಷಮಾ ಅನ್ನಾಕ ಕಾಯ್ದೇದಾಗ ಇಲ್ಲೇನು?’

‘ಅದು ಹಂಗಲ್ಲರಿ... ಕೋರ್ಟಿನ ಮಾತು ಬ್ಯಾರೆ ಇರತೈತಿ.’

‘ನಾ ಕೋರ್ಟಿಗೆ ಬ್ಯಾಡ ಅನ್ನಾಕ ಬಂದಿಲ್ಲ. ಹಾಕ್ರಿ. ಕೊಡಂದಷ್ಟು ಕೊಡ್ತೇನಿ. ಅದು ಬ್ಯಾರೆ, ಇದು ಬ್ಯಾರೆ.’

ಮುದುಕನ ಉಸಿರು ಕಟ್ಟಿತು. ಬೇವಿನ ತುದಿಯ ಮೇಲಿನ ಬಿಸಿಲು ಕೆಂಪಾಗಿತ್ತು.

‘ಬಾಳವ್ವಾ’ ಎಂದ ಜಿನ್ನಪ್ಪ. ‘ಅವನ್ನ ನಾನs ಕಳಿಸಿದೆ. ಮರಿ ಹಾರ್ಯಾವ್ರಿ ಕಾಕಾ ಅಂದ. ನನಗ ನಂಬಿಕಿ ಬರಲಿಲ್ಲ. ಇನ್ನೊಮ್ಮೆ ಕೈ ಹಾಕಿ ನೋಡಿ ಬಾ, ಒಂದ ಮರಿ ಉಳಿದಿದ್ರೂ ನಮಗ ಪಾಪ ಅಂದೆ. ಹೋದ. ಖಾಲಿ ಐತ್ರಿ ಅಂತ ಅಲ್ಲಿಂದನ ಒದರಿದ. ಅಷ್ಟ.’

ಬಾಳವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಧರಣೇಂದ್ರ ಒಂದು ಹೆಜ್ಜೆ ಮುಂದೆ ಬಂದ. ಕಳಿಸಿದೆ! ಬಾಯಿಬಿಟ್ಟು ಹೇಳಿದ! ಪಂಚರ ಮುಂದೆ, ಹಗಲು ಬೆಳಕಿನಲ್ಲಿ. ‘ಅವನ್ನ ನಾನs ಕಳಿಸಿದೆ. ಇನ್ನೊಮ್ಮೆ ಕೈ ಹಾಕಿ ನೋಡಿ ಬಾ.’ ಮಾತು ಮಾತಿಗೂ ನೆನಪಿರಬೇಕು. ಮೊದಲು ‘ಕೈ ಹಾಕಿ’ ಅಂದನೋ, ‘ಇನ್ನೊಮ್ಮೆ’ ಅಂದನೋ? ಯಾರು ಯಾರು ಹತ್ತಿರ ಇದ್ದರು? ಗಿಡದ ಕೆಳಗಿನ ಮುಖಗಳನ್ನು ಒಂದೊಂದಾಗಿ ನೋಡಿದ. ಆ ಮಾಳಿಗೆಯ ಮನೆಯವನಿಗೆ ಕಿವಿ ಮಂದ. ಪಕ್ಕದವನಿಗೆ ಕೇಳಿಸಿರಬೇಕು.

ಬಾಳವ್ವ ಅವನನ್ನೇ ನೋಡುತ್ತಿದ್ದಳು. ಅಣ್ಣಾ, ಅನ್ನಲೇನು? ಕಣ್ಣು ಅಷ್ಟು ಸ್ಪಷ್ಟವಾಗಿ ಕೇಳುತ್ತಿತ್ತು.

‘ತಮ್ಮಾ’ ಎಂದ ಜಿನ್ನಪ್ಪ, ‘ನೀ ಒಮ್ಮೆ ಗೋಣು ಹಾಕು. ಆಕಿ ಅಂತಾಳ.’

ಬೇಡವೆನ್ನಲು ಈಗ ಕಾರಣವೇ ಉಳಿದಿರಲಿಲ್ಲ. ಇನ್ನು ಸಾಕ್ಷಿಗಾಗಿ ಓಣಿಯವರ ಕಾಲು ಹಿಡಿಯಬೇಕಿರಲಿಲ್ಲ. ಗೋಣು ಹಾಕಬೇಕೆಂದು ಧರಣೇಂದ್ರನಿಗೂ ಅನ್ನಿಸಿತು. ಹಾಕುತ್ತೇನೆ. ಮೊದಲು ಆ ಮಾತು ಮನಸ್ಸಿನಲ್ಲಿ ಗಟ್ಟಿಯಾಗಲಿ. ‘ಅವನ್ನ ನಾನs ಕಳಿಸಿದೆ. ಮರಿ ಹಾರ್ಯಾವ್ರಿ ಅಂದ...’ ಪರೀಕ್ಷೆಯ ಮುಂಚಿನ ಹುಡುಗನಂತೆ ಮೊದಲಿನಿಂದ ಕೊನೆಯತನಕ ಮತ್ತೊಮ್ಮೆ ಹೇಳಿಕೊಂಡ.

ಮುಗಿಸಿ ತಲೆಯೆತ್ತಿದಾಗ ಬೇವಿನ ತುದಿಯಲ್ಲಿ ಬಿಸಿಲಿರಲಿಲ್ಲ.

ಜಿನ್ನಪ್ಪ ಪಡುವಣಕ್ಕೆ ಒಮ್ಮೆ ನೋಡಿದ. ತಂಬಿಗೆಯನ್ನೊಮ್ಮೆ ನೋಡಿದ. ಯಾರೋ ಬಂದು ರಟ್ಟೆ ಹಿಡಿದು ಎಬ್ಬಿಸಿದರು. ಎದ್ದು ನಿಂತವನು ಧರಣೇಂದ್ರನಿಗೂ ಕೈಮುಗಿದ.

‘ಉತ್ತಮ ಕ್ಷಮಾ.’

‘ಉತ್ತಮ ಕ್ಷಮಾ’ ಅಂದುಬಿಟ್ಟಿತು ಧರಣೇಂದ್ರನ ಬಾಯಿ. ಬೆಳಗಿನಿಂದ ಅಂದು ಅಂದು ರೂಢಿಯಾಗಿತ್ತು.

ಬಾಳವ್ವ ಅವನನ್ನು ನೋಡಿದಳು. ತನಗೆ ಬೇಡವೆಂದ ಮಾತು ಇವನ ಬಾಯಲ್ಲಿ ಎಷ್ಟು ಸಲೀಸಾಗಿ ಬಂತೆಂದು ನೋಡಿದಳೋ, ಸುಮ್ಮನೆ ನೋಡಿದಳೋ. ಬಾಗಿಲು ಮುಚ್ಚಿಕೊಂಡು ಒಳಗೆ ಹೋದಳು. ಅತ್ತೆ ಏನೋ ಕೇಳಿದ್ದು ಕೇಳಿಸಿತು.

ಜನ ಚದುರಿದರು. ಜಿನ್ನಪ್ಪನನ್ನು ಇಬ್ಬರು ಹಿಡಿದುಕೊಂಡು ಹೋಗುತ್ತಿದ್ದರು. ಅವನ ಕಾಲು ನೆಲಕ್ಕೆ ಸರಿಯಾಗಿ ಊರುತ್ತಿರಲಿಲ್ಲ. ಓಣಿಯ ತಿರುವಿನಲ್ಲಿ ಮೂವರೂ ನಿಂತರು. ಒಬ್ಬ ಬಗ್ಗಿದ. ಮತ್ತೆ ಹೊರಟರೋ ಇಲ್ಲವೋ, ಮಬ್ಬಿನಲ್ಲಿ ತಿಳಿಯಲಿಲ್ಲ.

ಈ ರಾತ್ರಿ ಮುದುಕನಿಗೆ ಏನಾದರೂ ಆದರೆ? ಧರಣೇಂದ್ರನ ತಲೆ ತಾನಾಗಿಯೇ ದಾವೆ ಹೂಡತೊಡಗಿತು. ವಾದಿ ಯಾರು, ಪ್ರತಿವಾದಿ ಯಾರು. ಗೊತ್ತಿತ್ತು. ತಡೀಬಹುದಿತ್ತು. ಅಲ್ಲಿಗೆ ನಿಲ್ಲಿಸಿದ.

ಆಗ ಗೋಣು ಹಾಕಿದ. ಮುಚ್ಚಿದ ಬಾಗಿಲಿಗೆ ಒಮ್ಮೆ, ಮತ್ತೊಮ್ಮೆ. ಓಣಿಯಲ್ಲಿ ಯಾರೂ ಇರಲಿಲ್ಲ.

ಗಂಟಲು ಬೆಳಗಿನಿಂದಲೂ ಒಣಗಿತ್ತು. ಪುಣೆಯಲ್ಲಿದ್ದಾಗಲೇ ಅವನು ಹೊತ್ತು ಮುಳುಗಿದ ಮೇಲೆ ಉಣ್ಣುವುದನ್ನು, ಕುಡಿಯುವುದನ್ನು ಕಲಿತಿದ್ದ. ಬಗ್ಗಿ ಹೊಸ್ತಿಲ ಮೇಲಿನ ತಂಬಿಗೆ ಎತ್ತಿದ. ಸೋಸಿದ ನೀರು, ತಣ್ಣಗಿತ್ತು. ನಿಂತಲ್ಲೇ ಗಟಗಟ ಕುಡಿದ. ಆಮೇಲೆ, ಯಾಕೆಂದು ಅವನಿಗೂ ತಿಳಿಯದು, ತಂಬಿಗೆಯೊಳಗೆ ಕೈ ಹಾಕಿ ತಳದವರೆಗೂ ತಡವಿ ನೋಡಿದ, ಏನಾದರೂ ಉಳಿದಿದೆಯೇ ಎಂದು.