ಬೇರೆಯವರ ಗೋಡೆಗೆ ಸುಣ್ಣ

ನಕ್ಷೆ ಬರೆಯುವವಳಿಗೆ ಆ ನಿವೇಶನ ನುಂಗಲಾರದ ತುತ್ತಾಗಿತ್ತು. ಅಗಲ ಇಪ್ಪತ್ತು ಅಡಿ, ಉದ್ದ ಎಪ್ಪತ್ತು. ಎರಡು ಪಕ್ಕಕ್ಕೂ ಬೇರೆಯವರ ಗೋಡೆ ಅಂಟಿಕೊಂಡಿತ್ತು. ಹಳೇ ಕಟ್ಟಡ ಕೆಡವಿ ಅಲ್ಲೇ ನಾಲ್ಕಂತಸ್ತು ಎಬ್ಬಿಸಿ, ಇದ್ದ ಬಾಡಿಗೆದಾರರನ್ನೇ ವಾಪಸು ಕರೆಯುವುದೆಂದು ಮಾಲೀಕ ಮಾತು ಕೊಟ್ಟಿದ್ದ. ಆದರೆ ಕಿಟಕಿ ಇಡಬಹುದಾದದ್ದು ಮುಂದೆ, ಹಿಂದೆ, ಅಷ್ಟೇ. ನಡುವಿನ ಕೋಣೆಗಳಿಗೆ ಹಾಡಹಗಲೇ ಕತ್ತಲು. ಮೇಲೆ ಗಾಜು ಕೂರಿಸಿದರೆ ಬೆಳಕಿನ ಬೆನ್ನಿಗೇ ಬೇಗೆ. ಏಳು ಸಲ ಬರೆದಳು, ಏಳು ಸಲ ಹರಿದಳು.

ಅಳತೆಗೆಂದು ಹೋದ ದಿನ ನೆಲಮಹಡಿಯ ಟೈಲರಮ್ಮನ ಮನೆ ಹೊಕ್ಕಳು. ನಡುಕೋಣೆಯಲ್ಲಿ ಟೈಲರಮ್ಮನ ಅತ್ತೆ ಬೀಸಣಿಗೆ ಹಿಡಿದು ಬೆವರುತ್ತಾ ಮಲಗಿದ್ದರು. ಹಿಂದಿನ ಕೋಣೆಯಲ್ಲೋ, ಮಿಷನ್ನಿನ ಮೇಲೆ ತಂಪಾದ ಬೆಳ್ಳನೆ ಬೆಳಕು. ಕಿಟಕಿಯಾಚೆ ಕಿರಿದಾದ ಸಂದಿ, ಅದರಾಚೆ ಹಿಂದಿನ ಮನೆಯವರ ಗೋಡೆ.

"ಇಲ್ಲಿಗೆ ಬಿಸಿಲೇ ಬೀಳಲ್ಲ. ಇಷ್ಟು ಬೆಳಕು ಎಲ್ಲಿಂದ?"

"ಅವರ ಗೋಡೆಗೆ ನಾನೇ ಸುಣ್ಣ ಹೊಡೆದೆ," ಎಂದಳು ಟೈಲರಮ್ಮ. "ಕಣ್ಣಿಗೆ ಬೆಳಕು ಬೇಕು, ಮೈಗೆ ಬಿಸಿಲು ಬೇಡ. ಗೋಡೆ ಬೆಳ್ಳಗಿದ್ರೆ ಬೆಳಕಷ್ಟೇ ಬರುತ್ತೆ. ಅವರು ಬೈದ್ರು. ಬೈಸ್ಕೊಂಡೆ. ಸುಣ್ಣ ಅಂತೂ ಅಳಿಸ್ಲಿಲ್ಲ!"

ನಕ್ಷೆಯವಳು ನಕ್ಕಳು. ನಗುತ್ತಲೇ ಪುಸ್ತಕ ತೆಗೆದಳು. ಕಟ್ಟಡದ ಹೊಟ್ಟೆಯಲ್ಲೇ ಒಂದು ಬಾವಿಯಂಥ ಸಂದಿ ಬಿಟ್ಟರೆ? ಒಳಗೆಲ್ಲ ಸುಣ್ಣ. ತಲೆಯ ಮೇಲೆ ಬಿಸಿಲು ತಡೆಯುವ ಮಾಡು, ಅದರಡಿ ಸುತ್ತಲೂ ಬೆಳಕು ಒಳಬರಲು, ಬಿಸಿಗಾಳಿ ಹೊರಹೋಗಲು ತೆರಪು. ಕೆಳಗಿಳಿದಂತೆ ಬೆಳಕು ಕಮ್ಮಿಯಾಗುವುದರಿಂದ ಮೇಲಂತಸ್ತಿಗೆ ಸಣ್ಣ ಕಿಟಕಿ, ನೆಲಮಹಡಿಗೆ ಎಲ್ಲಕ್ಕಿಂತ ದೊಡ್ಡದು.

ಮಾಲೀಕ ನಕ್ಷೆ ನೋಡಿ ಹೌಹಾರಿದ. "ಪ್ರತಿ ಮಹಡೀಲೂ ಒಂದು ಕೋಣೆಯಷ್ಟು ಜಾಗ ಗಾಳಿಗೆ ಬಿಡೋಕೆ ನನಗೇನು ತಲೆ ಕೆಟ್ಟಿದ್ಯಾ?"

ಅವಳು ವಾದಕ್ಕಿಳಿಯಲಿಲ್ಲ. ಮಟಮಟ ಮಧ್ಯಾಹ್ನ ಅವನನ್ನು ಕರೆದುಕೊಂಡು ಹೋಗಿ ಆ ನಡುಕೋಣೆಯಲ್ಲಿ ಕೂರಿಸಿದಳು.

"ಬಾಪ್ಪಾ," ಎಂದರು ಅತ್ತೆ, "ನೀನೂ ಬೇಯೋಕೆ ಬಂದ್ಯಾ?"

ಮಾಲೀಕ ಪೆಚ್ಚುನಗೆ ನಕ್ಕ. ಹತ್ತು ನಿಮಿಷಕ್ಕೆ ಅಂಗಿ ಬೆನ್ನಿಗಂಟಿತು. ಕತ್ತಲಲ್ಲಿ ನೀರಿನ ಲೋಟಕ್ಕೆ ಕೈ ಚಾಚಿ ಅದನ್ನೂ ಉರುಳಿಸಿದ. ಮುದುಕಿಯ ಮುಖ ನೋಡಿದ, ಏಕೋ ಬೇಗ ನೋಟ ತಿರುಗಿಸಿದ. "ಎಷ್ಟು ವರ್ಷದಿಂದ ಇಲ್ಲಿದ್ದೀರಿ, ಅಜ್ಜಿ?"

"ಮದುವೆಯಾಗಿ ಬಂದಾಗಿಂದ."

ಹೊಸಿಲು ದಾಟುತ್ತಾ ಅವನು ನಕ್ಷೆಯವಳಿಗೆ ಒಂದೇ ಮಾತು ಅಂದ: "ಗಾಳಿಗೆ ಬಿಡಮ್ಮ ಜಾಗ."

ಎರಡು ವರ್ಷದ ಮೇಲೆ, ಕಡುಬೇಸಿಗೆಯಲ್ಲಿ, ನಕ್ಷೆಯವಳು ಶಾಖ ಅಳೆಯಲು ಹೊಸ ಕಟ್ಟಡಕ್ಕೆ ಬಂದಳು. ಬೀದಿಯಲ್ಲಿ ಡಾಂಬರು ಮೆತ್ತಗಾಗಿತ್ತು. ಟೈಲರಮ್ಮನ ನಡುಕೋಣೆಯಲ್ಲಿ ದೀಪವಿಲ್ಲದೆ ಅತ್ತೆ ಅಕ್ಕಿ ಆರಿಸುತ್ತಿದ್ದರು. ಥರ್ಮಾಮೀಟರು ಗೋಡೆಗೆ ನೇತುಹಾಕಿ, ಸ್ವಲ್ಪ ಹೊತ್ತು ಕಾಯೋಣವೆಂದು ನೆಲದ ಮೇಲೆ ಕೂತಳು. ನೆಲ ತಣ್ಣಗಿತ್ತು. ಕೂತವಳು ಒರಗಿದಳು, ಒರಗಿದವಳಿಗೆ ಜೋಂಪು ಹತ್ತಿತು.

ಕಣ್ಣು ಬಿಟ್ಟಾಗ ಸಂಜೆ ಐದು. ತಲೆಯಡಿ ಯಾರೋ ದಿಂಬಿಟ್ಟಿದ್ದರು.

"ಅಯ್ಯೋ, ಎಬ್ಬಿಸೋದಲ್ವಾ?"

"ನಮಗೆ ಹಗಲು ನಿದ್ದೆ ಕೊಟ್ಟೋಳು ನೀನು," ಎಂದರು ಅತ್ತೆ. "ನಿನ್ನ ನಿದ್ದೆ ಕೆಡಿಸ್ಲಾ?"

"ಹೇಳಿಕೊಟ್ಟದ್ದು ನಿಮ್ಮ ಸೊಸೆ," ಎಂದಳು. ಎದ್ದುಹೋಗಿ ಮಿಷನ್ನಿನ ಮುಂದಿದ್ದ ಟೈಲರಮ್ಮನ ಎರಡೂ ಕೈ ಹಿಡಿದುಕೊಂಡಳು.