ಅಣ್ಣನ ಎಂಟು ಅಂಕಿಗಳು

ಅಂಚಿಗೆ ನಾಲ್ಕು ಬೆರಳು ಜಾಗ ಬಿಡಬೇಕು ಎನ್ನುವುದು ಕಲ್ಲು ಕೆತ್ತುವವರ ಮೊದಲ ಪಾಠ. ನಲವತ್ತು ವರ್ಷ ಊರವರ ಸಮಾಧಿಗಳಿಗೆಲ್ಲ ಅದನ್ನು ಪಾಲಿಸಿದ ಕಲ್ಲುಕುಟಿಗ ಸ್ವಂತ ಅಣ್ಣನ ಕಲ್ಲಿಗೆ ಬಂದಾಗ ಮರೆತ. ಅಕ್ಕರೆ ಹೆಚ್ಚಾಗಿ ಅಂಕಿಗಳನ್ನು ದಪ್ಪಗೆ ಬರೆದುಕೊಂಡ. ಬಲಗಡೆ ಎರಡೇ ಬೆರಳು ಉಳಿಯಿತು. ಎಂಟನೆಯ ಅಂಕಿಯ ಮೇಲೆ ಉಳಿ ಇಟ್ಟು ಸುತ್ತಿಗೆ ತಾಗಿಸಿದ್ದೇ ತಡ, ಅಂಚು ಅಂಕಿಯ ಸಮೇತ ಕಿತ್ತುಕೊಂಡು ಕಾಲ ಬಳಿ ಬಿತ್ತು. ಮಾಡಿದ್ದುಣ್ಣೋ ಮಹಾರಾಯ.

ಅಣ್ಣ ಲೆಕ್ಕದ ಮೇಷ್ಟ್ರು. ಹೆಸರು ಬೇಡ, ಇಸವಿ ಬೇಡ, ಈ ಸಂಖ್ಯೆ ಸಾಕು ಎಂದು, ಬುದ್ಧಿ ನೆಟ್ಟಗಿದ್ದಾಗಲೇ ತಮ್ಮನಿಗೆ ಚೀಟಿ ಕೊಟ್ಟಿದ್ದ: ೭೩೯೩೯೧೩೩. ಆಮೇಲೆ ಎರಡು ವರ್ಷ ಮರೆವಿನ ಕಾಯಿಲೆ ಅವನನ್ನು ಇಷ್ಟಿಷ್ಟೇ ತಿಂದಿತು. ಒಂದು ದಿನ ತಮ್ಮನನ್ನೇ ನೋಡಿ, ನೀವು ಯಾರ ಪೈಕಿ ಎಂದು ಕೇಳಿದ. ಅವತ್ತಿನಿಂದ ತಮ್ಮ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಹೇಡಿ ಎಂದರೂ ಸರಿಯೇ. ಕಲ್ಲನ್ನಾದರೂ ಕುಂದಿಲ್ಲದೆ ಕೆತ್ತಿ ಆ ತಪ್ಪನ್ನು ತೊಳೆದುಕೊಳ್ಳಬೇಕು ಎಂದುಕೊಂಡಿದ್ದ.

ಅತ್ತಿಗೆ ಕಲ್ಲು ನೋಡಲು ಬರುವ ದಿನವೇ ಹೀಗಾಗಬೇಕೆ? ಅಂಟು ಹಾಕಿ ಕೂರಿಸಿ ಕಲ್ಲುಪುಡಿ ಸವರಿದರೆ ಯಾರಿಗೂ ತಿಳಿಯದು ಎಂದು ಒಂದು ಗಳಿಗೆ ಅನ್ನಿಸಿತು. ಸತ್ತ ಅಣ್ಣನಿಗೂ ತೇಪೆಯೇ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಗಿ, ಬಂದ ಅತ್ತಿಗೆಯ ಕೈಗೆ ಒಡೆದ ಚೂರನ್ನೇ ಇಟ್ಟ.

ಅತ್ತಿಗೆ ಬೈಯಲಿಲ್ಲ. ಉಳಿದ ಏಳು ಅಂಕಿಗಳ ಮೇಲೆ ಬೆರಳಾಡಿಸುತ್ತ ಕೂತರು. "ಕಲ್ಲಿಗೂ ಮರ್ತುಹೋಯ್ತಾ," ಎಂದರು.

ಕಲ್ಲುಕುಟಿಗ ಕಲ್ಲಿನ ಮುಂದೆ ಕುಕ್ಕರಿಸಿದ. ಲೆಕ್ಕ ತಲೆಗೆ ಹತ್ತಿದವನಲ್ಲ, ಆದರೆ ಚೀಟಿ ಕೊಡುವಾಗ ಅಣ್ಣ ಆಡಿದ ಮಾತು ಹಾಗೇ ನೆನಪಿತ್ತು.

"ಇಲ್ಲ ಅತ್ತಿಗೆ, ಇದು ಕೆಟ್ಟಿಲ್ಲ. ಈ ಸಂಖ್ಯೆ ಒಂದನ್ನ, ತನ್ನನ್ನ ಬಿಟ್ಟು ಬೇರೆ ಯಾವುದರಿಂದ್ಲೂ ಭಾಗ ಆಗಲ್ವಂತೆ. ಕೊನೇ ಅಂಕಿ ತೆಗೆದ್ರೆ ಉಳಿದದ್ದೂ ಆಗಲ್ಲ. ಇನ್ನೊಂದು ತೆಗೀರಿ, ಆಗ್ಲೂ ಅಷ್ಟೇ. ಬರೀ ಏಳು ಉಳಿಯೋವರೆಗೂ ಹಾಗೇನೇ. ಈ ಗುಣ ಇರೋದ್ರಲ್ಲಿ ಇದಕ್ಕಿಂತ ದೊಡ್ಡದು ಇಲ್ವೇ ಇಲ್ಲ ಅಂದಿದ್ದ."

ಅತ್ತಿಗೆಯ ಬೆರಳು ನಿಂತಿತು. ಮೆಲ್ಲಗೆ ಹೇಳತೊಡಗಿದರು. ಗಂಡ ಮನೆಯಲ್ಲಿ ಲೆಕ್ಕದ ಮಾತು ಎತ್ತಿದವರಲ್ಲ. ಗಡ್ಡ ಹೆರೆಯುವಾಗ ಈ ಸಂಖ್ಯೆ ಗುನುಗುತ್ತಿದ್ದುದಷ್ಟೇ ಅತ್ತಿಗೆಗೆ ಗೊತ್ತು. ಚೆನ್ನಾಗಿ ಗೊತ್ತಿರುವುದನ್ನು ದಿನಾ ಕೇಳಿ ಎಂದು ಡಾಕ್ಟರು ಹೇಳಿದ್ದಕ್ಕೆ ಪ್ರತಿ ಬೆಳಿಗ್ಗೆ ಇದನ್ನೇ ಕೇಳುತ್ತಿದ್ದರಂತೆ. ಮೊದಲು ಕೊನೆಯ ಅಂಕಿ ಬಿಟ್ಟುಹೋಯಿತು, ಕೆಲವು ತಿಂಗಳಿಗೆ ಅದರ ಹಿಂದಿನದು. ತಪ್ಪು, ಇನ್ನೂ ಇದೆ, ಸರಿಯಾಗಿ ಹೇಳಿ ಎಂದು ಇವರು ತಿದ್ದುವುದು, ಅವರು ಕಣ್ಣು ತುಂಬಿಕೊಂಡು ಅಷ್ಟನ್ನೇ ಮತ್ತೆ ಹೇಳುವುದು.

"ಕೊನೇ ದಿನ ಏಳು ಅಂದ್ರು, ಅಷ್ಟೇ. ಅವತ್ತೂ ನಾನು ತಪ್ಪು ಅಂದೆ."

ಕಲ್ಲುಕುಟಿಗನಿಗೆ ಅತ್ತಿಗೆಯ ಮುಖ ನೋಡುವ ಧೈರ್ಯ ಬರಲಿಲ್ಲ. ಆ ಎರಡು ವರ್ಷದಲ್ಲಿ ಒಂದೇ ಒಂದು ಬೆಳಿಗ್ಗೆ ಹೋಗಿ ಅಣ್ಣನ ಪಕ್ಕ ಕೂತಿದ್ದರೆ, ಸರಿಯಾಗೇ ಹೇಳ್ತಿದ್ದಾನೆ ಎನ್ನಬಹುದಿತ್ತು. ಅಂಕಿ ಉದುರಿದರೂ ಆ ಸಂಖ್ಯೆ ಕೆಡದು ಎಂಬುದು ಗೊತ್ತಿದ್ದವನು ಅವನೊಬ್ಬನೇ.