ಒಂದು ಮೊಳ ಟೇಪು

ತಿಥಿಯ ಮರುದಿನ ಬೆಳಿಗ್ಗೆ ಎಂದಿನಂತೆ ನಲ್ಲಿಯಲ್ಲಿ ನೀರು ಬಂತು. ಹಾಲಿನ ಪ್ಯಾಕೆಟ್ಟೂ ಬಂತು, ಎರಡು. ಇನ್ನು ಒಂದು ಸಾಕೆಂದು ಯಾರೂ ಹೇಳಿರಲಿಲ್ಲ. ಧನಲಕ್ಷ್ಮಿ ಕೊಡ ತುಂಬಿಸಿದಳು, ಹಾಲು ಎರಡು ಪ್ಯಾಕೆಟ್ಟನ್ನೂ ಕಾಯಿಸಿದಳು. ಗಂಡ ಕೆಂಪರಾಜ್ ಕಾಮಾಲೆಯಿಂದ ಸತ್ತು ಹನ್ನೆರಡು ದಿನವಾಗಿತ್ತು. ನೆಂಟರೆಲ್ಲ ಹೊರಟುಹೋಗಿ, ರಾಮಮೂರ್ತಿ ನಗರದ ಆ ಮನೆಯಲ್ಲಿ ಉಳಿದವರು ಅವಳು, ಅತ್ತೆ ರಾಮಲಕ್ಷ್ಮಮ್ಮ ಇಬ್ಬರೇ.

"ಕಾಗೆ ಎಡೆ ಮುಟ್ಲಿಲ್ಲ," ಎಂದರು ಅತ್ತೆ, ನಿನ್ನೆಯಿಂದ ಹತ್ತನೆಯ ಸಲ. "ಯಾರ್ದೋ ವಸ್ತು ಇನ್ನೂ ಅವನ ಮೇಲಿದೆ ಕಣಮ್ಮ. ಏಣಿ ವಾಪಸ್ ಕೊಟ್ಟಾಯ್ತು, ಪಕ್ಕದ್ಮನೆ ಮುನಿವೆಂಕಟಪ್ಪನ ಟಾರ್ಚು ಕೊಟ್ಟಾಯ್ತು. ಇನ್ನೇನ್ ಈಸ್ಕೊಂಡಿದ್ದ ನೋಡು."

ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ಧನಲಕ್ಷ್ಮಿ ಕಾಗೆಯನ್ನು ನಂಬುತ್ತಿರಲಿಲ್ಲ. ಆದರೂ ನಿನ್ನೆ ಮಾಳಿಗೆಯ ಮೇಲೆ ಒಂದು ಗಂಟೆ ಕಾದಿದ್ದಳು. ಇನ್ನೇನು ಉಳಿದಿದೆ ಎಂಬುದೂ ಅವಳಿಗೆ ಗೊತ್ತಿತ್ತು. ಅದನ್ನು ಸೀರೆಗಳ ಅಡಿಯಲ್ಲಿ ಬಚ್ಚಿಟ್ಟವಳು ಅವಳೇ.

ಅದೊಂದು ಕ್ಯಾಸೆಟ್. ಯಾವುದೋ ಹಾರ್ಡ್ ರಾಕ್ ಬ್ಯಾಂಡಿನ ಮೊದಲ ಆಲ್ಬಮ್. ಕಂಟೋನ್ಮೆಂಟಿನಲ್ಲಿ ಗಿಟಾರ್ ಹಿಡಿದವರೆಲ್ಲ ಇದನ್ನು ಕೇಳಿಯೇ ಹಿಡಿದದ್ದು ಎನ್ನುತ್ತಿದ್ದ ಕೆಂಪರಾಜ್. ಶಿವಾಜಿನಗರದ ಅಹ್ಮದ್ ಪಾಷಾನ ಕ್ಯಾಸೆಟ್ ಅಂಗಡಿಯಿಂದ ತೊಂಬತ್ತನಾಲ್ಕರಲ್ಲಿ ನಾಲ್ಕು ದಿನಕ್ಕೆಂದು ತಂದವನು ತೊಂಬತ್ತಾರು ಬಂದರೂ ಕೊಟ್ಟಿರಲಿಲ್ಲ. ಕಚೇರಿಯಿಂದ ಬಂದವನೇ ಮೂರನೆಯ ಹಾಡು ಹಾಕುತ್ತಿದ್ದ. ಒಂದು ಕಡೆ ಗಿಟಾರ್ ಏಳೆಂಟು ಸೆಕೆಂಡು ಹುಚ್ಚೆದ್ದು ಮೇಲೇರುತ್ತಿತ್ತು. ಅಲ್ಲಿ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ತನ್ನ ಗಿಟಾರಿನಲ್ಲಿ ಅದನ್ನೇ ಬಾರಿಸಿ, ಮತ್ತೆ ಹಿಂದಕ್ಕೆ. ಎರಡು ವರ್ಷ ಧನಲಕ್ಷ್ಮಿ ಆ ಏಳೆಂಟು ಸೆಕೆಂಡುಗಳಲ್ಲೇ ಅನ್ನ ಬಸಿದಿದ್ದಳು, ಬಟ್ಟೆ ಮಡಿಸಿದ್ದಳು.

"ಒಂದ್ಸಲ ಮುಂದಕ್ಕೆ ಹೋಗ್ರೀ!" ಎಂದು ಒಂದು ದಿನ ಅಡುಗೆಮನೆಯಿಂದ ಕೂಗಿದ್ದಳು.

"ಇದು ಕೈಗೆ ಬರದೆ ಮುಂದಕ್ಕೆ ಹೋದ್ರೆ ಮೋಸ ಆಗುತ್ತೆ ಕಣೇ. ಬಂದ ದಿನ ಇಬ್ರೂ ಕೂತು ಪೂರ್ತಿ ಕೇಳೋಣ."

ಕೊನೆಗೂ ಅದು ಕೈಗೆ ಬರಲಿಲ್ಲ. ಮುಂದೆ ಏನಿದೆ ಎಂದು ಒಂದು ಸಲ ಕೇಳಿ, ಆಮೇಲೆ ಕೊಟ್ಟುಬಿಡುವುದೆಂದು ಅವಳು ನಿರ್ಧರಿಸಿದ್ದಳು.

ಅತ್ತೆ ಸ್ನಾನಕ್ಕೆ ಹೋದಾಗ ಕ್ಯಾಸೆಟ್ ಹಾಕಿದಳು. ಮೂರನೆಯ ಹಾಡು, ಆ ಜಾಗ. ದನಿ ಅಳ್ಳಾಡಿತು, ಕುಯ್ಯೆಂದಿತು, ನಿಂತಿತು. ಟೇಪು ರೋಲರಿಗೆ ಸುತ್ತಿಕೊಂಡಿತ್ತು. ಬಿಡಿಸಿ ಪೆನ್ನು ತೂರಿಸಿ ಸುತ್ತಿದಳು. ಮತ್ತೆ ಅಲ್ಲೇ. ಮೂರನೆಯ ಸಲ ಜೋರಾಗಿ ಎಳೆದಳು. ತುಂಡಾಯಿತು.

"ಸತ್ತ ಮೇಲೂ ಮುಂದಕ್ಕೆ ಬಿಡಲ್ವಲ್ಲ ನೀವು!" ಎಂದು ಟೇಪ್‌ರೆಕಾರ್ಡರಿಗೆ ಹೇಳಿದಳು. ಹನ್ನೆರಡು ದಿನದಲ್ಲಿ ಅವಳ ದನಿ ಏರಿದ್ದು ಅದೇ ಮೊದಲು.

ಟಿನ್ ಫ್ಯಾಕ್ಟರಿಯಲ್ಲಿ ಬಸ್ಸು ಬದಲಿಸಿ ಶಿವಾಜಿನಗರ ತಲುಪುವಷ್ಟರಲ್ಲಿ ಹನ್ನೊಂದಾಗಿತ್ತು. ಅಂಗಡಿಯಲ್ಲಿ ಕ್ಯಾಸೆಟ್ ಸುತ್ತಿದ್ದ ಕರವಸ್ತ್ರ ಬಿಚ್ಚಿದ್ದೇ ತಡ, ಪಾಷಾ ಹಣೆ ಚಚ್ಚಿಕೊಂಡ.

"ಯಾ ಅಲ್ಲಾ! ರಾಜ್ ಹೆಂಡ್ತೀನಾ ನೀವು? ನಾಲ್ಕ್ ದಿನ ಅಂದ, ಎರಡ್ ವರ್ಷ! ಈಗ ಹರ್ದು ಕಳ್ಸಿದ್ದಾನೆ, ತಾನು ಬರಕ್ಕೆ ಮುಖ ಇಲ್ಲ. ಎಲ್ಲವ್ನೆ ಕಳ್ಳ?"

"ತೀರ್ಕೊಂಡ್ರು," ಎಂದಳು. "ಹರ್ದಿದ್ದು ನಾನು."

ಪಾಷಾ ಸ್ಟೂಲು ಒರೆಸಿ ಮುಂದಕ್ಕೆ ತಳ್ಳಿದ. ಆಮೇಲೆ ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿ, ನಜ್ಜುಗುಜ್ಜಾದ ಭಾಗವನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದ. ಉಳಿದ ಎರಡು ತುದಿಗಳನ್ನು ಅಂಟಿಸಿದ.

"ಈ ತುಂಡನ್ನ ಬಿಡ್ಲೇಬೇಕಮ್ಮ. ತಿಕ್ಕಿ ತಿಕ್ಕಿ ಸವೆದೋಗಿದೆ."

"ಮುಂದಿಂದು ಹಾಕ್ತೀರಾ?"

ಹಾಕಿದ. ಗಿಟಾರ್ ಮೇಲೇರಲು ಶುರುಮಾಡುವ ಮುನ್ನವೇ ಟಕ್ಕೆಂದಿತು, ಹಾಡು ಆಚೆಗೆ ಹಾರಿಕೊಂಡಿತು. ಡ್ರಮ್ಮಿನ ನಾಲ್ಕು ಹೊಡೆತ, ಎಲ್ಲರೂ ಒಟ್ಟಿಗೆ ಒಂದು ಸಲ ಬಾರಿಸಿದರು, ನಿಂತಿತು.

"ಇಷ್ಟೇನಾ?"

"ಇಷ್ಟೇ. ಅದೊಂದು ದಾಟಿದ್ರೆ ಹಾಡು ಮುಗ್ದಂಗೇ. ನಿಜ ಹೇಳ್ತೀನಿ, ಅದು ಯಾರಿಗೂ ಬರಲ್ಲ. ಎಲ್ಲಾ ಹುಡುಗ್ರೂ ಅಲ್ಲಿ ಏನೋ ಕುಟ್ಟಿ ದಾಟ್ಬಿಡ್ತಾರೆ, ಜನ ಚಪ್ಪಾಳೆ ಹೊಡೀತಾರೆ. ಇವನೊಬ್ಬ..."

ಏನೋ ಕುಟ್ಟಿ ದಾಟಬಹುದಿತ್ತು. ಯಾವ ಸಂಜೆಯಾದರೂ ದಾಟಬಹುದಿತ್ತು. ಇಬ್ಬರೂ ಕೂತು ಆ ನಾಲ್ಕು ಹೊಡೆತ ಕೇಳಿ, ಇಷ್ಟೇನಾ ಎಂದು ನಗಬಹುದಿತ್ತು.

ಪಾಷಾ ಕತ್ತರಿಸಿದ ಟೇಪನ್ನು ಬೆರಳಿಗೆ ಸುತ್ತಿಕೊಂಡಿದ್ದ. ಒಂದು ಮೊಳದಷ್ಟಿತ್ತು. "ಇದು ಬೇಕಾಮ್ಮ? ನೆನಪಿಗೆ."

ಅವಳು ಅದನ್ನು ಇಸಿದುಕೊಂಡಳು. ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದಳು. ಆಮೇಲೆ ಕ್ಯಾಸೆಟ್ಟಿನ ಡಬ್ಬಿ ತೆರೆದು ಒಳಗಿಟ್ಟು, ಮುಚ್ಚಿ, ಅವನ ಮುಂದಕ್ಕೆ ಸರಿಸಿದಳು.

"ಬೇಡ. ಅದೂ ನಿಮ್ದೇ," ಎಂದಳು. "ಅವ್ರು ಈಸ್ಕೊಂಡಿದ್ದು ಪೂರ್ತಿ."